ಎಕ್ಸಿಕ್ಯುಟಿವ್ ಕ್ಲಾಸಿಗೆ ದುಡ್ಡು ಡಬಲ್, ಊಟ ಮಾತ್ರ ಯಾಕೆ ಹಂಗೇ?

ಪ್ರಶ್ನೆ: ಸರ್, ನಮ್ಮದು ಬೆಳಗಾವಿ ಶಹಾಪುರ. ಹೋದ ತಿಂಗಳು ಅವ್ವನನ್ನು ಕರಕೊಂಡು ಒಂದು ಪ್ರೀಮಿಯಂ ರೈಲಿನಲ್ಲಿ ಎಕ್ಸಿಕ್ಯುಟಿವ್ ಕ್ಲಾಸ್ ಟಿಕೆಟ್ ತೆಗೆಸಿ ಹೋಗಿದ್ದೆ. ರೈಲಿನ ಹೆಸರು ಬೇಡ. ಸೀಟು ಚೆನ್ನಾಗಿತ್ತು. ಮಧ್ಯಾಹ್ನದ ಊಟ ಮಾತ್ರ ನೋಡಲಿಕ್ಕೆ ಭಾರಿ, ತಿನ್ನಲಿಕ್ಕೆ ಏನೂ ಇಲ್ಲ. ಪರಾಠಾ ಚಪ್ಪಲಿ ತೊಗಲಿನಂತೆ, ಅನ್ನ ಉದುರುದುರು ಒಣಗಿತ್ತು, ದಾಲ್‌ಗೂ ಪನೀರ್‌ಗೂ ಒಂದೇ ವಾಸನೆ. ಅವ್ವನಿಗೆ ಶುಗರ್ ಇದೆ, ಅವಳು ಮೊಸರು ಮಾತ್ರ ತಿಂದಳು. ಹಿಂದಿನ ಚೇರ್ ಕಾರಿನಲ್ಲಿದ್ದ ನನ್ನ ಗೆಳೆಯನಿಗೂ ಅದೇ ಊಟ ಕೊಟ್ಟಿದ್ದರಂತೆ. ಹಾಗಾದರೆ ನಾನು ಜಾಸ್ತಿ ದುಡ್ಡು ಕೊಟ್ಟಿದ್ದು ಯಾವುದಕ್ಕೆ? ನಮ್ಮ ಭಾಗದ ರೈಲಿನಲ್ಲಿ ಜೋಳದ ರೊಟ್ಟಿ ಕೇಳುವುದು ತಪ್ಪಾ?

ಉತ್ತರ: ನಮಸ್ಕಾರ ರೀ. ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ನಾಚಿಕೆನೂ ಆಯಿತು. ಯಾಕೆಂದರೆ ನೀವು ಹೇಳಿದಂಥ ಪರಾಠಾಗಳನ್ನು ನಾನೇ ಸಾವಿರಗಟ್ಟಲೆ ಪ್ಯಾಕ್ ಮಾಡಿಸಿ ಕಳಿಸಿದ್ದೇನೆ. ಹದಿನೆಂಟು ವರ್ಷ ದೊಡ್ಡ ಅಡುಗೆಮನೆಗಳಲ್ಲಿ ಕೆಲಸ ಮಾಡಿದವನು ನಾನು. ಬಾಗಲಕೋಟೆಯಲ್ಲಿ ಮದುವೆ ಅಡುಗೆಯಿಂದ ಶುರು ಮಾಡಿದೆ, ನಡುವೆ ಆರು ವರ್ಷ ರೈಲಿಗೆ ಊಟ ಕಳಿಸುವ ಒಂದು ಅಡುಗೆಮನೆಯಲ್ಲಿದ್ದೆ. ಈಗ ಬೆಳಗಾವಿಯಲ್ಲಿ ಕೂತು ಬೇರೆಯವರ ಅಡುಗೆಮನೆಗಳ ತಪ್ಪು ಹುಡುಕುವ ಕೆಲಸ ಮಾಡುತ್ತೇನೆ. ಇದು ಭಾಳ ಸುಲಭದ ಕೆಲಸ.

ಮೊದಲು ದುಡ್ಡಿನ ಮಾತು. ನೀವು ಜಾಸ್ತಿ ಕೊಟ್ಟಿದ್ದು ಸೀಟಿಗೆ. ಅಗಲ ಸೀಟು, ಕಾಲು ಚಾಚಲು ಜಾಗ, ಒಂದು ಸಾಲಿಗೆ ಐದು ಜನರ ಬದಲು ನಾಲ್ಕೇ ಜನ. ಊಟದ ಲೆಕ್ಕವೇ ಬೇರೆ. 2019 ರ ನವೆಂಬರ್‌ನಲ್ಲಿ ರೈಲ್ವೆ ಮಂಡಳಿ ರಾಜಧಾನಿ, ಶತಾಬ್ದಿ, ದುರಂತೊ ರೈಲುಗಳಿಗೆ ಒಂದು ದರಪಟ್ಟಿ ಹೊರಡಿಸಿತ್ತು. ಅದರಲ್ಲಿ ಚೇರ್ ಕಾರ್ ಮತ್ತು ಟು ಎಸಿ, ತ್ರೀ ಎಸಿಯವರ ಮಧ್ಯಾಹ್ನದ ಊಟಕ್ಕೆ 185 ರೂಪಾಯಿ. ಎಕ್ಸಿಕ್ಯುಟಿವ್ ಮತ್ತು ಫಸ್ಟ್ ಎಸಿಯವರಿಗೆ 245. ತಿಂಡಿಗೆ ಒಂದು ಕಡೆ 105, ಇನ್ನೊಂದು ಕಡೆ 140. ಅಂದರೆ ಟಿಕೆಟ್ ಹತ್ತಿರಹತ್ತಿರ ಎರಡು ಪಟ್ಟು ಆದರೂ ಊಟಕ್ಕೆ ಏರಿದ್ದು ಬರೀ 60 ರೂಪಾಯಿ. ಆ ಅರವತ್ತರಲ್ಲಿ ಏನು ಬರುತ್ತದೆ ಹೇಳಿ? ಒಂದು ಸೂಪು, ಒಳ್ಳೆಯ ಐಸ್‌ಕ್ರೀಮ್, ಫಾಯಿಲ್ ಡಬ್ಬಿಯ ಬದಲು ಪಿಂಗಾಣಿ ಬಟ್ಟಲು, ಬಟ್ಟೆಯ ನ್ಯಾಪ್‌ಕಿನ್. ದಾಲ್ ಅದೇ ಕೊಪ್ಪರಿಗೆಯದು. ನಿಮ್ಮ ಗೆಳೆಯ ಸುಳ್ಳು ಹೇಳಿಲ್ಲ. ನಿಮ್ಮ ಟಿಕೆಟ್ ತೆಗೆದು ನೋಡಿ, ಕೇಟರಿಂಗ್ ಚಾರ್ಜ್ ಅಂತ ಬೇರೆ ಒಂದು ಸಾಲು ಇರುತ್ತದೆ. ಊಟಕ್ಕೆ ನೀವು ಕೊಟ್ಟ ದುಡ್ಡು ಅಷ್ಟೇ, ಉಳಿದದ್ದೆಲ್ಲ ಕುಳಿತುಕೊಂಡಿದ್ದಕ್ಕೆ.

ಆ 185 ಕೂಡ ಪೂರ್ತಿ ತಟ್ಟೆಗೆ ಬರುವುದಿಲ್ಲ. ಪ್ಯಾಕಿಂಗ್, ಟ್ರೇ, ನೀರಿನ ಬಾಟಲಿ, ಬಡಿಸುವ ಹುಡುಗರ ಪಗಾರ, ಸಾಗಿಸುವ ಗಾಡಿ, ಟೆಂಡರ್ ಹಿಡಿಯಲು ಕಟ್ಟಿದ ಫೀಸು, ಉಳಿದು ಹಾಳಾದ ಊಟ, ಎಲ್ಲ ಅದರಲ್ಲೇ. ಟೆಂಡರಿನಲ್ಲಿ ಪೈಪೋಟಿ ಮಾಡಿ ಜಾಸ್ತಿ ಕೂಗಿದವನು ಆಮೇಲೆ ಎಲ್ಲಿ ಉಳಿಸುತ್ತಾನೆ? ತೊಗರಿಬೇಳೆಯಲ್ಲಿ, ಪನೀರಿನ ತುಂಡಿನಲ್ಲಿ, ಎಣ್ಣೆಯಲ್ಲಿ. ನಮ್ಮ ಅಡುಗೆಮನೆಯಲ್ಲಿ ಪನೀರ್ ತುಂಡು ಎಣಿಸಿ ಹಾಕುತ್ತಿದ್ದರು. ಎಣಿಸುವುದಕ್ಕಂತಲೇ ಒಬ್ಬ ಹುಡುಗ ಇದ್ದ.

ಆದರೆ ದುಡ್ಡೊಂದೇ ಕಾರಣ ಅಂದುಕೊಳ್ಳಬೇಡಿ. ಅದೇ 185 ರೂಪಾಯಿಗೆ ಬೆಳಗಾವಿಯ ಯಾವುದೇ ಖಾನಾವಳಿಯಲ್ಲಿ ಕೈ ತೊಳೆಯುವ ತನಕ ಬಡಿಸುತ್ತಾರೆ, ಬಿಸಿ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಜುಣಕ ಎಲ್ಲ ಸೇರಿ. ಅಲ್ಲಿ ಒಲೆಯಿಂದ ನಿಮ್ಮ ತಟ್ಟೆಗೆ ಹತ್ತು ಹೆಜ್ಜೆ. ರೈಲಿನಲ್ಲಿ ಒಲೆಯಿಂದ ನಿಮ್ಮ ತೊಡೆಯ ತನಕ ಐದಾರು ತಾಸು. ನಿಮ್ಮ ಊಟ ಕೆಟ್ಟಿದ್ದು ಈ ಐದಾರು ತಾಸಿನಲ್ಲಿ.

ಜನ ಇನ್ನೂ ರೈಲಿನಲ್ಲೇ ಅಡುಗೆ ಆಗುತ್ತದೆ ಅಂದುಕೊಂಡಿದ್ದಾರೆ. ಹಳೆಯ ಪ್ಯಾಂಟ್ರಿ ಕಾರುಗಳಲ್ಲಿ ಗ್ಯಾಸ್ ಒಲೆ ಇರುತ್ತಿತ್ತು, ಭಟ್ರು ಅಲ್ಲೇ ಆಮ್ಲೆಟ್ ಹಾಕಿಕೊಡುತ್ತಿದ್ದರು. ವಂದೇ ಭಾರತದಂಥ ಹೊಸ ರೈಲುಗಳಲ್ಲಿ ಇರುವುದು ಮಿನಿ ಪ್ಯಾಂಟ್ರಿ. ಊಟ ಬಿಸಿ ಇಡುವ ಒಂದು ಹಾಟ್ ಕೇಸ್, ಒಂದು ಫ್ರಿಜ್, ನೀರು ಕಾಯಿಸುವ ಬಾಯ್ಲರ್, ಮುಗಿಯಿತು. ಬೆಂಕಿ ಇಲ್ಲ. 2017 ರ ಕೇಟರಿಂಗ್ ನೀತಿ ಬಂದ ಮೇಲೆ ಅಡುಗೆ ಮಾಡುವುದು ಬೇರೆ, ಬಡಿಸುವುದು ಬೇರೆ ಅಂತ ಎರಡು ಕೆಲಸ ಆಯಿತು. ಊರಿನಲ್ಲಿರುವ ಬೇಸ್ ಕಿಚನ್‌ನಲ್ಲಿ ಮಾಡಿ ಸ್ಟೇಷನ್ನಿನಲ್ಲಿ ರೈಲಿಗೆ ಏರಿಸುತ್ತಾರೆ. ಸ್ವಚ್ಛತೆಯ ದೃಷ್ಟಿಯಿಂದ ಇದು ಒಳ್ಳೆಯದೇ. ಅದೇ ವರ್ಷ ಸಂಸತ್ತಿಗೆ ಬಂದ ಸಿಎಜಿ (ಸರ್ಕಾರದ ಲೆಕ್ಕ ತಪಾಸಣೆ ಮಾಡುವವರು) ವರದಿ ನೆನಪಿರಬೇಕು, 74 ಸ್ಟೇಷನ್ ಮತ್ತು 80 ರೈಲು ತಪಾಸಣೆ ಮಾಡಿ, ರೈಲಿನ ಊಟದಲ್ಲಿ ಮನುಷ್ಯರು ತಿನ್ನಬಾರದ್ದೂ ಇದೆ ಅಂತ ನೇರವಾಗಿ ಬರೆದಿದ್ದರು. ಅಲ್ಲಿಂದ ಇಲ್ಲಿಗೆ ಸ್ವಚ್ಛತೆ ಸುಧಾರಿಸಿದೆ, ಇದನ್ನು ಒಪ್ಪಲೇಬೇಕು. ರುಚಿ ಮಾತ್ರ ಹಿಂದೆ ಬಿತ್ತು.

ನಮ್ಮಲ್ಲಿ ಮಧ್ಯಾಹ್ನ ಒಂದು ಗಂಟೆಯ ಊಟಕ್ಕೆ ಹೇಗೆ ನಡೆಯುತ್ತಿತ್ತು ಹೇಳುತ್ತೇನೆ. ಹಿಂದಿನ ರಾತ್ರಿಯೇ ಕಾಯಿಪಲ್ಯ ಹೆಚ್ಚಿ ಇಟ್ಟಿರುತ್ತಿದ್ದೆವು. ನಸುಕಿನ ಮೂರಕ್ಕೆ ಉಳ್ಳಾಗಡ್ಡಿ, ಟೊಮೆಟೊ, ಶುಂಠಿ, ಬೆಳ್ಳುಳ್ಳಿ ಹಾಕಿ ಒಂದು ದೊಡ್ಡ ಬೇಸ್ ಗ್ರೇವಿ ಆಗುತ್ತಿತ್ತು. ಅದೇ ಗ್ರೇವಿ ಪನೀರಿಗೆ, ಅದೇ ಮಿಕ್ಸ್ ವೆಜ್‌ಗೆ, ಅದರದ್ದೇ ಒಂದು ಸೌಟು ದಾಲ್‌ಗೂ. ಎಲ್ಲದಕ್ಕೂ ಒಂದೇ ವಾಸನೆ ಅಂತ ನೀವು ಬರೆದಿರಲ್ಲ, ನಿಮ್ಮ ಮೂಗು ಸರಿಯಾಗೇ ಇದೆ. ಏಳಕ್ಕೆ ಅಡುಗೆ ಮುಗಿಯಬೇಕು. ಎಂಟರ ಹೊತ್ತಿಗೆ ಫಾಯಿಲ್ ಡಬ್ಬಿಗೆ ತುಂಬಿ ಮುಚ್ಚಳ ಒತ್ತಿ ಸೀಲ್ ಮಾಡಬೇಕು. ಆಮೇಲೆ ಬಿಸಿ ಹಿಡಿಯುವ ಪೆಟ್ಟಿಗೆ, ಆಮೇಲೆ ಗಾಡಿ, ಆಮೇಲೆ ಪ್ಲಾಟ್‌ಫಾರ್ಮ್. ನಡುವಿನ ಸ್ಟೇಷನ್ನಿನಲ್ಲಿ ರೈಲು ಎರಡೇ ನಿಮಿಷ ನಿಲ್ಲುವುದು, ಅದಕ್ಕೆ ನಾವು ಮುಕ್ಕಾಲು ತಾಸು ಮೊದಲೇ ಹೋಗಿ ನಿಲ್ಲಬೇಕು. ರೈಲು ತಡವಾದರೆ ಅದೂ ನಮ್ಮ ಲೆಕ್ಕಕ್ಕೇ. ಏರಿಸಿದ ಮೇಲೆ ಹಾಟ್ ಕೇಸ್‌ನಲ್ಲಿ ಇನ್ನೆರಡು ತಾಸು. ನಿಮ್ಮ ಕೈಗೆ ಬರುವಾಗ ಅದು ಊಟ ಅಲ್ಲ ರೀ, ಊಟದ ನೆನಪು.

ಆ ಹೊತ್ತಿನಲ್ಲಿ ಒಳಗೆ ಏನಾಗುತ್ತದೆ ಅಂದರೆ, ಅನ್ನ ಬೇಯುವಾಗ ಅದರೊಳಗಿನ ಪಿಷ್ಟ ನೀರು ಹೀರಿ ಉಬ್ಬಿ ಮೆತ್ತಗಾಗುತ್ತದೆ. ಆರಿದಂತೆ ಆ ಪಿಷ್ಟ ಮತ್ತೆ ಬಿಗಿಯಾಗಿ ನೀರನ್ನು ಹೊರಗೆ ದೂಡುತ್ತದೆ. ಫ್ರಿಜ್ಜಿನ ತಂಪಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಪರಾಠಾದಲ್ಲೂ ಅದೇ ಕತೆ, ಜೊತೆಗೆ ಗೋಧಿಯ ಜಿಗುಟು ಬೇರೆ ಇದೆ. ಬಿಸಿಬಿಸಿ ಪರಾಠಾ ಫಾಯಿಲ್‌ನಲ್ಲಿ ಸುತ್ತಿದರೆ ಅದರ ಹಬೆ ಅದಕ್ಕೇ ತಗಲಿ ಮೊದಲು ತೊಯ್ಯುತ್ತದೆ, ಆಮೇಲೆ ಹಾಟ್ ಕೇಸ್‌ನಲ್ಲಿ ಒಣಗಿ ತೊಗಲಾಗುತ್ತದೆ. ಪನೀರ್ ಎರಡನೇ ಸಲ ಬಿಸಿ ಮಾಡಿದ ಕೂಡಲೇ ರಬ್ಬರ್. ಬೀನ್ಸ್, ಬಟಾಣಿ ಬಣ್ಣಗೆಡುತ್ತವೆ. ಒಗ್ಗರಣೆಯ ಘಮ ಅಂತೂ ಮೊದಲ ತಾಸಿನಲ್ಲೇ ಹಾರಿಹೋಗಿರುತ್ತದೆ. ಈ ಎಲ್ಲದರಲ್ಲಿ ಗಟ್ಟಿಯಾಗಿ ಉಳಿಯುವುದು ದಾಲ್ ಮತ್ತು ಸಾಂಬಾರ್ ಮಾತ್ರ, ಅವು ನೀರಿನಲ್ಲೇ ಇರುವ ಪದಾರ್ಥ, ಬಿಸಿಯಲ್ಲಿ ಇಟ್ಟಷ್ಟೂ ಸೇರಿಕೊಳ್ಳುತ್ತವೆ. ಅದಕ್ಕೆ ನಾನು ರೈಲಿನಲ್ಲಿ ಪನೀರ್ ಬಿಟ್ಟು ದಾಲ್ ತಿನ್ನುತ್ತೇನೆ.

ವಿಮಾನದ ಊಟಾನೂ ಹೀಗೇ ಇರುತ್ತದಲ್ಲ ಅಂತ ಕೆಲವರು ಹೇಳುತ್ತಾರೆ. ವಿಮಾನದವರಿಗೆ ಒಂದು ನೆಪ ಇದೆ. ಮೇಲೆ ಗಾಳಿಯ ಒತ್ತಡ ಕಡಿಮೆ, ಗಾಳಿ ಒಣ, ಮೂಗು ಕಟ್ಟಿದಂತಾಗಿ ಉಪ್ಪು, ಸಿಹಿ ಎರಡೂ ಮಂದವಾಗಿ ತಿಳಿಯುತ್ತವೆ. ಖಾನಾಪುರದ ಕಾಡಿನ ನಡುವೆ ಓಡುವ ರೈಲಿಗೆ ಆ ನೆಪ ಇಲ್ಲ.

ಹಾಗಾದರೆ ಅಷ್ಟೊತ್ತು ಬಿಸಿ ಇಡುವುದು ಯಾಕೆ? ಇದು ನೀವು ಕೇಳಿಲ್ಲ, ಆದರೆ ಅವ್ವನಂಥ ವಯಸ್ಸಾದವರು ಜೊತೆಗಿದ್ದಾಗ ಇದೇ ಮುಖ್ಯ. ಬೇಯಿಸಿದ ಪದಾರ್ಥ ಒಂದೋ 60 ಡಿಗ್ರಿಗಿಂತ ಬಿಸಿ ಇರಬೇಕು, ಇಲ್ಲ 5 ಡಿಗ್ರಿಗಿಂತ ತಂಪಿರಬೇಕು. ನಡುವೆ ಇದ್ದರೆ ಕ್ರಿಮಿಗಳಿಗೆ ಹಬ್ಬ. ಅದರಲ್ಲೂ ಅನ್ನ ಮೋಸದ ಪದಾರ್ಥ. ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ, ಅದರ ಬೀಜಾಣು ಅನ್ನ ಬೆಂದರೂ ಸಾಯುವುದಿಲ್ಲ. ಉಗುರುಬೆಚ್ಚಗೆ ಬಿಟ್ಟರೆ ಮೊಳೆತು ವಿಷ ಬಿಡುತ್ತದೆ, ವಾಂತಿ ತರಿಸುವ ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಹಾಗಾಗಿ ನಿಮಗೆ ಕೊಟ್ಟ ಡಬ್ಬಿ ಮುಟ್ಟಿದರೆ ಕೈ ಚುರುಕ್ ಅನ್ನಬೇಕು. ಉಗುರುಬೆಚ್ಚಗಿದ್ದರೆ, ಅದೂ ಅನ್ನ ಇದ್ದರೆ, ಮುಲಾಜಿಲ್ಲದೆ ವಾಪಸ್ ಕೊಡಿ. 'ಬಿಸಿ ಮಾಡಿ ತರ್ತೀನಿ ಸಾಹೇಬ್ರ' ಅಂದರೂ ಬೇಡ ಅನ್ನಿ. ಒಣಗಿದ ಅನ್ನ ಸಪ್ಪೆ ಇರಬಹುದು, ಆದರೆ ಒಣಗಿದ್ದೊಂದರಿಂದ ಅದು ತಿನ್ನಲು ಧೋಕಾನಾ ಅಲ್ಲವಾ ಅಂತ ಹೇಳಲು ಬರುವುದಿಲ್ಲ, ಕೈಗೆ ಬಂದಾಗ ಬಿಸಿ ಇತ್ತಾ ಅನ್ನುವುದೇ ಲೆಕ್ಕ. ಇದು ಸಮಾಧಾನದ ಮಾತು ಅಲ್ಲ ಅಂತ ನನಗೂ ಗೊತ್ತು.

ಊಟದ ಗುಣಮಟ್ಟ ಮೊದಲೇ ಊಹಿಸಬೇಕಾ? ಗಡಿಯಾರ ನೋಡಿ. 2025 ರ ಆಗಸ್ಟ್ 10 ರಂದು ಶುರುವಾದ ಬೆಳಗಾವಿ–ಬೆಂಗಳೂರು ವಂದೇ ಭಾರತವನ್ನೇ ಉದಾಹರಣೆಗೆ ತೆಗೆದುಕೊಳ್ಳಿ, ದೂರು ಅಂತ ಅಲ್ಲ, ಲೆಕ್ಕಕ್ಕೆ. ನಸುಕಿನಲ್ಲೇ 5.20 ಕ್ಕೆ ಬೆಳಗಾವಿ ಬಿಡುವ ವೇಳೆ ಇಟ್ಟರು. ಅಂಥ ರೈಲಿಗೆ ಹೊರಡುವ ಊರಿನಲ್ಲೇ ತಿಂಡಿ ಏರಿಸಬೇಕೆಂದರೆ ರಾತ್ರಿ ಎರಡಕ್ಕೆ ಉಪ್ಪಿಟ್ಟಿನ ರವೆ ಹುರಿಯಬೇಕು. ಎರಡು ತಾಸು ಮುಂದಿನ ದೊಡ್ಡ ಸ್ಟೇಷನ್ನಿನಲ್ಲಿ ಏರಿಸಿದರೆ ಅದೇ ಉಪ್ಪಿಟ್ಟು ನಸುಕಿನ ಐದರದ್ದು. ಎರಡೂ ಒಂದೇ ಮೆನು, ರುಚಿಯಲ್ಲಿ ಅಜಗಜಾಂತರ. ಅದಕ್ಕೇ ಯಾವುದೇ ರೈಲಿನಲ್ಲಿ ಬಡಿಸುವ ಹುಡುಗನನ್ನು ಸುಮ್ನೆ ಒಂದು ಮಾತು ಕೇಳಿ, 'ಊಟ ಎಲ್ಲಿ ಏರಿಸಿದ್ರಪ್ಪಾ?' ಅಂತ. ಈಗ ಊಟದ ಪೊಟ್ಟಣದ ಮೇಲೆ ಕ್ಯೂಆರ್ ಕೋಡ್ ಹಾಕುತ್ತಾರೆ, ಮೊಬೈಲ್ ಹಿಡಿದರೆ ಯಾವ ಅಡುಗೆಮನೆ, ಯಾವತ್ತು ಪ್ಯಾಕ್ ಆಯಿತು ಅಂತ ತೋರಿಸುತ್ತದೆ. ತಾಸು ಜಾಸ್ತಿ ಆಗಿದೆ ಅನಿಸಿದರೆ ದಾಲ್, ಮೊಸರು, ಉಪ್ಪಿನಕಾಯಿ ತಿಂದು ಉಳಿದದ್ದು ಬಿಡಿ.

ಇನ್ನು ರೊಟ್ಟಿ. ಕೇಳುವುದು ತಪ್ಪಲ್ಲ, ತಪ್ಪು ರೊಟ್ಟಿ ಕೇಳಬಾರದು ಅಷ್ಟೇ. ಬಿಸಿ ರೊಟ್ಟಿ ರೈಲಿಗೆ ಆಗದ ಮಾತು. ಜೋಳದಲ್ಲಿ ಗೋಧಿಯ ಜಿಗುಟು ಇಲ್ಲ. ಹಂಚಿನಿಂದ ಇಳಿಸಿ ಒಂದು ತಾಸಾದರೆ ಅದು ಗಡಸಾಗುತ್ತದೆ, ಫಾಯಿಲ್‌ನಲ್ಲಿ ಸುತ್ತಿದರೆ ಬೆವತು ಮುದ್ದೆಯಾಗುತ್ತದೆ. ಕೇಳಬೇಕಾದದ್ದು ಕಡಕ್ ರೊಟ್ಟಿ. ಅದನ್ನು ಮೊದಲೇ ಪೂರ್ತಿ ಒಣಗಿಸಿಬಿಟ್ಟಿರುತ್ತಾರೆ, ನೀರಿನ ಅಂಶವೇ ಇಲ್ಲ, ಹಾಗಾಗಿ ಕೆಡುವುದಕ್ಕೂ ಇಲ್ಲ, ಗಡಸಾಗುವುದಕ್ಕೂ ಇಲ್ಲ. ವಾರಗಟ್ಟಲೆ ಇರುತ್ತದೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕೂಡ ಹಾಗೇ. ನಮ್ಮ ಹಿರಿಯರು ಐದಾರು ತಾಸಲ್ಲ, ಐದಾರು ದಿನದ ದಾರಿಗೆ ಇದನ್ನು ಕಟ್ಟುತ್ತಿದ್ದರು. ಚಕ್ಕಡಿಯಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಹೋದವರು, ಪಂಢರಪುರಕ್ಕೆ ನಡೆದುಕೊಂಡು ಹೋದವರು ಹಾಟ್ ಕೇಸ್ ಹೊತ್ತುಕೊಂಡು ಹೋಗಿದ್ದರಾ? ದಾರಿಯಲ್ಲಿ ಕೆಡದ ಊಟ ಯಾವುದು ಅಂತ ನಮ್ಮ ಭಾಗಕ್ಕೆ ಯಾರೂ ಕಲಿಸಬೇಕಾಗಿಲ್ಲ. ಬುತ್ತಿ ಅಂತ ಅದಕ್ಕೆ ಹೆಸರೇ ಇದೆ. ಬುತ್ತಿ ಗೊತ್ತಿದ್ದ ಊರಿಗೆ ಪನೀರ್ ಪರಾಠಾ ಕಳಿಸುತ್ತಿದ್ದಾರೆ, ನನಗೆ ಸಿಟ್ಟು ಬರುವುದು ಇಲ್ಲಿ.

ನಿಯಮ ಅಡ್ಡ ಇದೆಯಾ ಅಂದರೆ ಇಲ್ಲ. 2022 ರ ನವೆಂಬರ್‌ನಲ್ಲಿ ರೈಲ್ವೆ ಮಂಡಳಿ, ಆಯಾ ಭಾಗದ ಊಟ, ಸಿರಿಧಾನ್ಯದ ಪದಾರ್ಥ, ಶುಗರ್ ಇದ್ದವರಿಗೆ ಬೇರೆ ಊಟ, ಮಕ್ಕಳ ಊಟ, ಇವೆಲ್ಲ ಮೆನುವಿನಲ್ಲಿ ಸೇರಿಸಿಕೊಳ್ಳಲು ರೈಲಿನ ಊಟ ನೋಡಿಕೊಳ್ಳುವ ಐಆರ್‌ಸಿಟಿಸಿಗೆ ಅನುಮತಿ ಕೊಟ್ಟಿತು. ಜೋಳ ಸಿರಿಧಾನ್ಯವೇ. ವಿಜಯಪುರದ ಕಡೆ ಹಿಂಗಾರಿನಲ್ಲಿ ಬೆಳೆಯುವ ಮಾಲದಂಡಿ ಜೋಳಕ್ಕಿಂತ ರೊಟ್ಟಿಗೆ ಒಳ್ಳೆಯ ಜೋಳ ಇನ್ನೊಂದಿಲ್ಲ, ಇದು ನನ್ನ ಅಭಿಪ್ರಾಯ, ಬಾಗಲಕೋಟೆಯವರು ಜಗಳಕ್ಕೆ ಬರಬೇಡಿ. ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳ ಸಂಘಗಳು ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಯಲ್ಲಿ ಇವೆ. ಅಂದರೆ ಮಾಲು ಇದೆ, ಅನುಮತಿ ಇದೆ.

ಹಾಗಾದರೆ ಯಾಕೆ ಬರುವುದಿಲ್ಲ? ನಾನೇ ಒಮ್ಮೆ ಪ್ರಯತ್ನ ಮಾಡಿದ್ದೆ. ಮೊದಲ ತೊಂದರೆ ಭಾಳ ಸಣ್ಣದು, ರೊಟ್ಟಿ ದುಂಡಗೆ, ಟ್ರೇ ಚೌಕ. ಕಡಕ್ ರೊಟ್ಟಿ ಅಗಲ ಇರುತ್ತದೆ, ಟ್ರೇಯಲ್ಲಿ ಕೂರುವುದಿಲ್ಲ, ಮುರಿದು ಹಾಕಿದರೆ 'ಮುರಿದ ರೊಟ್ಟಿ ಕೊಟ್ಟರು' ಅಂತ ದೂರು. ಚಿಕ್ಕದಾಗಿ ಬಡಿಯಿರಿ ಅಂದರೆ ರೊಟ್ಟಿ ಬಡಿಯುವ ಕಾಕು ನನ್ನನ್ನು ಮೇಲೆ ಕೆಳಗೆ ನೋಡಿದರು, 'ಇದೇನು ಗೊಂಬಿ ಆಟದ್ದಾ?' ಅಂದರು. ಎರಡನೆಯದು ಕಾಗದದ್ದು. ಮೆನುವಿನಲ್ಲಿ ಪ್ರತಿಯೊಂದಕ್ಕೂ ಗ್ರಾಂ ಲೆಕ್ಕ ಇರುತ್ತದೆ. ಮಾಮೂಲಿ ಎಕ್ಸ್‌ಪ್ರೆಸ್ ರೈಲಿನ 80 ರೂಪಾಯಿಯ ಸ್ಟ್ಯಾಂಡರ್ಡ್ ಊಟವನ್ನೇ ನೋಡಿ: ಅನ್ನ 150 ಗ್ರಾಂ, ದಾಲ್ ಅಥವಾ ಸಾಂಬಾರ್ 150, ಪರಾಠಾ ಎರಡು ಇಲ್ಲ ರೋಟಿ ನಾಲ್ಕು ಸೇರಿ 100, ಪಲ್ಯ 100, ಮೊಸರು 80, ಉಪ್ಪಿನಕಾಯಿ 12 ಗ್ರಾಂ. ನೂರು ಗ್ರಾಂ ಕಡಕ್ ರೊಟ್ಟಿ ಅಂದರೆ ಒಬ್ಬ ಮನುಷ್ಯನಿಗೆ ಜಾಸ್ತಿಯೇ ಆಗುತ್ತದೆ, ನೀರಿಲ್ಲದ ಪದಾರ್ಥ ಅದು. ಕಡಿಮೆ ಹಾಕಿದರೆ ತಪಾಸಣೆಗೆ ಬಂದವರು ತೂಕ ಕಮ್ಮಿ ಅಂತ ದಂಡ ಬರೆಯುತ್ತಾರೆ. ಎರಡು ವಾರ ಒದ್ದಾಡಿ ಬಿಟ್ಟೆ. ಈಗ ಅನಿಸುತ್ತದೆ, ಮೂರನೇ ವಾರವೂ ಒದ್ದಾಡಬೇಕಿತ್ತು.

ರೈಲಿನಲ್ಲೇ ಬಿಸಿ ಊಟ ಮಾಡುವುದು ಆಗಲಾರದ ಕೆಲಸವೇನಲ್ಲ. ನಮ್ಮದೇ ಗೋಲ್ಡನ್ ಚಾರಿಯಟ್ ಅನ್ನುವ ಐಷಾರಾಮಿ ಪ್ರವಾಸಿ ರೈಲು ಇದೆಯಲ್ಲ, 2008 ರಲ್ಲಿ ಶುರುವಾದದ್ದು. ಅದರಲ್ಲಿ ನಳಪಾಕ, ರುಚಿ ಅಂತ ಎರಡು ಊಟದ ಬೋಗಿಗಳೇ ಇವೆ, ಅಡುಗೆ ರೈಲಿನಲ್ಲೇ. ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲು, ಐಹೊಳೆ ತೋರಿಸುವ ಪ್ರವಾಸವೂ ಅದರಲ್ಲಿ ಇತ್ತು. ಟಿಕೆಟ್ ಮಾತ್ರ ಲಕ್ಷದ ಲೆಕ್ಕದಲ್ಲಿ. ಅದು ಬೇರೆ ಲೋಕ, ಬಿಡಿ.

ಈಗ ನಿಮ್ಮ ಕೆಲಸಕ್ಕೆ ಬರುವ ಮಾತು. ಟಿಕೆಟ್ ತೆಗೆಯುವಾಗ ಊಟದ ಆಯ್ಕೆ ಕೇಳುತ್ತದೆ. ಬಹಳ ಜನ ಕಣ್ಣು ಮುಚ್ಚಿ ವೆಜ್ ಒತ್ತುತ್ತಾರೆ. ವಂದೇ ಭಾರತಗಳಲ್ಲಿ ಡಯಾಬಿಟಿಕ್ ಊಟದ ಆಯ್ಕೆಯೂ ಅದೇ ಪಟ್ಟಿಯಲ್ಲಿದೆ, ಅವ್ವನ ಹೆಸರಿನ ಮುಂದೆ ಅದನ್ನು ಆರಿಸಿ. ಒಂದೇ ಟಿಕೆಟ್ಟಿನಲ್ಲಿ ಇಬ್ಬರಿಗೆ ಬೇರೆಬೇರೆ ಊಟ ಆರಿಸಬಹುದು. ಅದು ಅಮೃತ ಅಂತ ಹೇಳಲ್ಲ, ಸಿಹಿ ತಿಂಡಿಯ ತಲೆನೋವಾದರೂ ತಪ್ಪುತ್ತದೆ. ಊಟವೇ ಬೇಡ ಅಂದರೆ 'ನೋ ಫುಡ್' ಆರಿಸಿ, ಕೇಟರಿಂಗ್ ಚಾರ್ಜ್ ಟಿಕೆಟ್ಟಿನಿಂದ ಇಳಿಯುತ್ತದೆ. ಆದರೆ ಆಮೇಲೆ ಪಕ್ಕದವನ ತಟ್ಟೆ ನೋಡಿ ಮನಸ್ಸು ಬದಲಾದರೆ, ಊಟ ಉಳಿದಿದ್ದರೆ ಕೊಡುತ್ತಾರೆ, ಒಂದು ಊಟಕ್ಕೆ 50 ರೂಪಾಯಿ ಜಾಸ್ತಿ ತೆಗೆದುಕೊಳ್ಳುತ್ತಾರೆ. ಚಹಾ, ಕಾಫಿಗೆ ಆ ಜಾಸ್ತಿ ಇಲ್ಲ, 2022 ರಲ್ಲೇ ತೆಗೆದಿದ್ದಾರೆ. ಪಿಎನ್ಆರ್ ಕೊಟ್ಟು ಮುಂದಿನ ಸ್ಟೇಷನ್ನಿನ ಹೋಟೆಲಿನಿಂದ ಸೀಟಿಗೇ ಊಟ ತರಿಸುವ ಇ-ಕೇಟರಿಂಗ್ ಕೂಡ ಇದೆ. ಆದರೆ ಎರಡು ನಿಮಿಷ ನಿಲ್ಲುವ ರೈಲಿಗೆ ನಾನು ಅದನ್ನು ನಂಬುವುದಿಲ್ಲ. ಹುಡುಗ ಒಂದು ಬಾಗಿಲಲ್ಲಿ, ನೀವು ಇನ್ನೊಂದು ಬಾಗಿಲಲ್ಲಿ, ಊಟ ಪ್ಲಾಟ್‌ಫಾರ್ಮ್ ಮೇಲೆ.

ದೂರು ಕೊಡುವುದಿದ್ದರೆ ಇಳಿದ ಮೇಲೆ ಅಲ್ಲ, ತಟ್ಟೆ ಮುಂದೆ ಇರುವಾಗಲೇ ಕೊಡಿ. 139 ಕ್ಕೆ ಫೋನು ಮಾಡಿ ಅಥವಾ ರೈಲ್ ಮದದ್ ಆ್ಯಪಿನಲ್ಲಿ ಹಾಕಿ. ಡಬ್ಬಿಯ ಸೀಲು, ಕ್ಯೂಆರ್ ಕೋಡ್, ಊಟ, ಮೂರೂ ಕಾಣುವ ಹಾಗೆ ಫೋಟೊ ಹೊಡೆಯಿರಿ. 'ಊಟ ಚೆನ್ನಾಗಿಲ್ಲ' ಅಂತ ಬರೆದರೆ ಅದು ಯಾರನ್ನೂ ತಟ್ಟುವುದಿಲ್ಲ, ನಾನೇ ಅಂಥ ನೂರು ದೂರಿಗೆ 'ವಿಷಾದಿಸುತ್ತೇವೆ' ಅಂತ ಉತ್ತರ ಕಳಿಸಿದ್ದೇನೆ. 'ಅನ್ನ ಉಗುರುಬೆಚ್ಚಗಿತ್ತು', 'ಮೊಸರಿನ ಮೇಲೆ ತಾರೀಖು ಇರಲಿಲ್ಲ', 'ಪನೀರ್ ಎರಡೇ ತುಂಡು ಇತ್ತು' ಅಂತ ಬರೆದರೆ ಅಡುಗೆಮನೆಯಲ್ಲಿ ಯಾರದೋ ನಿದ್ದೆ ಕೆಡುತ್ತದೆ. ರುಚಿಗೆ ದಂಡ ಹಾಕಲು ಬರುವುದಿಲ್ಲ, ತೂಕಕ್ಕೆ, ಬಿಸಿಗೆ, ತಾರೀಖಿಗೆ ಹಾಕಲು ಬರುತ್ತದೆ. ರೈಲಿನಲ್ಲಿ ಬೇರೆ ಏನಾದರೂ ಕೊಂಡರೆ ಬಿಲ್ ಕೇಳಿ, ಬಿಲ್ ಕೊಡದಿದ್ದರೆ ದುಡ್ಡು ಕೊಡಬೇಕಾಗಿಲ್ಲ ಅನ್ನುವುದು ರೈಲ್ವೆಯದೇ ನಿಯಮ. ಕೊನೆಗೆ ಬಡೇಸೋಪಿನ ತಟ್ಟೆ ಹಿಡಿದು ನಿಲ್ಲುವ ಹುಡುಗನಿಗೆ ಕೊಡುವುದು ಬಿಡುವುದು ನಿಮ್ಮ ಮರ್ಜಿ. ಅಡುಗೆಯ ತಪ್ಪಿಗೆ ಮಾತ್ರ ಅವನನ್ನು ಬಯ್ಯಬೇಡಿ, ಅವನೂ ಅದನ್ನೇ ತಿನ್ನುತ್ತಾನೆ.

ಅವ್ವನ ಜೊತೆ ಮುಂದಿನ ಸಲ ಹೋಗುವಾಗ ನನ್ನ ಮಾತು ಕೇಳುವುದಾದರೆ, ಅವಳಿಗೆ 'ನೋ ಫುಡ್' ಹಾಕಿ ಬುತ್ತಿ ಕಟ್ಟಿಸಿ. ನಾಲ್ಕು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಸೌತಿಕಾಯಿ, ಒಣಗಿಸಿ ಮಾಡಿದ ಹೆಸರುಕಾಳು ಪಲ್ಯ. ಪಲ್ಯಕ್ಕೆ ಹಸಿ ಕೊಬ್ಬರಿ ಬೇಡ, ಮಧ್ಯಾಹ್ನದೊಳಗೆ ಹುಳಿ ಬರುತ್ತದೆ. ಮೊಸರು ರೈಲಿನಲ್ಲೇ ಸೀಲ್ ಇರುವ ಕಪ್ಪು ಕೊಂಡುಕೊಳ್ಳಿ. ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತುವ ವಿಜಯಪುರ, ಬಾಗಲಕೋಟೆಯ ಜನ ಇವತ್ತಿಗೂ ಹೀಗೇ ಹೋಗುತ್ತಾರೆ, ಯಾರಿಗೂ ಪ್ರಶ್ನೆ ಬರೆಯುವುದಿಲ್ಲ. ನಿಮಗೆ ಎಕ್ಸಿಕ್ಯುಟಿವ್ ಕ್ಲಾಸಿನಲ್ಲಿ ಡಬ್ಬಿ ಬಿಚ್ಚಲು ಸಂಕೋಚ ಅನಿಸಬಹುದು. ಸೀಟು ನಿಮ್ಮದು, ದುಡ್ಡು ಕೊಟ್ಟಿದ್ದೀರಿ. ಒಂದೇ ಎಚ್ಚರಿಕೆ, ಎಸಿ ಬೋಗಿಯಲ್ಲಿ ಬೆಳ್ಳುಳ್ಳಿ ಹಾಕಿದ ಶೇಂಗಾ ಹಿಂಡಿಯ ಘಮ ನಾಲ್ಕು ಸಾಲು ದಾಟಿ ಹೋಗುತ್ತದೆ. ಪನೀರ್ ಮುಂದೆ ಇಟ್ಟುಕೊಂಡು ಕೂತವರು ತಿರುಗಿ ನೋಡುತ್ತಾರೆ. ಎರಡು ರೊಟ್ಟಿ ಜಾಸ್ತಿನೇ ಇಟ್ಟುಕೊಂಡು ಹೋಗಿ.